ಫೋಟೊದಲ್ಲಿ ಕೆಂಪು ಯಾಕೆ ಕೆಡುತ್ತದೆ? ಕ್ಯಾಮೆರಾ ಮತ್ತು ಕೆಂಪು ಬಣ್ಣದ ಹಳೆಯ ಜಗಳ

ಮನೆಯಲ್ಲಿ ಅಜ್ಜ-ಅಜ್ಜಿಯ ಕಾಲದ ಕಪ್ಪು-ಬಿಳುಪು ಫೋಟೊ ಇದ್ದರೆ ಒಮ್ಮೆ ಗೋಡೆಯಿಂದ ಇಳಿಸಿ, ಧೂಳು ಒರೆಸಿ ನೋಡಿ. ತೀರಾ ಹಳೆಯ ಫೋಟೊ ಆಗಿದ್ದರೆ ಅಜ್ಜಿಯ ಹಣೆಯ ಕುಂಕುಮ ಕಾಡಿಗೆ ಬೊಟ್ಟಿನ ಹಾಗೆ ಕಪ್ಪಗೆ ಕಾಣುವುದು ಸಾಮಾನ್ಯ. ಕೆಂಪು ಸೀರೆ ಉಟ್ಟಿದ್ದರೂ ಕರಿ ಸೀರೆ ಉಟ್ಟಂತೆ ಇರುತ್ತದೆ. ಎಲೆ-ಅಡಿಕೆ ಹಾಕಿದ ತುಟಿಯೂ ಕಪ್ಪು.

ಈಗ ಅದೇ ಮನೆಯ ಮೊಮ್ಮಗಳ ಮದುವೆ ಆಲ್ಬಮ್ ತೆಗೆಯಿರಿ. ಕೆಂಪು ಧಾರೆ ಸೀರೆ ಧಗಧಗ ಅನ್ನುತ್ತಿರುತ್ತದೆ. ಆದರೆ ಸೀರೆಯ ನೆರಿಗೆ ಎಲ್ಲಿ? ಒಡಲಿನ ಬುಟ್ಟಾ ಎಲ್ಲಿ? ಕೆಂಪು ಪೇಂಟಿನ ಡಬ್ಬಿ ಮಗುಚಿ ಬಿದ್ದ ಹಾಗೆ ಒಂದೇ ಪಟ್ಟು ಕೆಂಪು.

ಅಲ್ಲಿ ಕ್ಯಾಮೆರಾಕ್ಕೆ ಕೆಂಪು ಕಾಣಲೇ ಇಲ್ಲ. ಇಲ್ಲಿ ಕೆಂಪು ಬಿಟ್ಟು ಬೇರೇನೂ ಕಾಣಲಿಲ್ಲ. ಈ ಎರಡು ಫೋಟೊಗಳ ನಡುವೆ ಏನೇನಾಯಿತು ಅನ್ನುವುದನ್ನು ಹೇಳಲು ನಾವು ಇಲ್ಲಿ ಕೂತಿದ್ದೇವೆ.

ಇದು ಬರೀ ಚೆಂದದ ಪ್ರಶ್ನೆ ಅಲ್ಲ. ಇಳಕಲ್ ಸೀರೆ ಗೊತ್ತಲ್ಲ? ಅದರ ಸೆರಗೇ ಅದರ ಗುರುತು. ಕೆಂಪು ರೇಷ್ಮೆ, ನಡುನಡುವೆ ಬಿಳಿ, ಗುಡಿಯ ಗೋಪುರದ ಹಾಗೆ ಏಳುವ ತೆನೆ. ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕಿ ಜೋಡಿಸುವುದೇ ಒಂದು ಕಸುಬು. ಗಿರಿಕುಂಕುಮ ಅಂತ ಕೆಂಪಿಗೇ ಬೇರೆ ಹೆಸರಿಟ್ಟ ಸೀರೆ ಇದು. ಈಗ ಎಷ್ಟೋ ನೇಕಾರರು ಅಂಗಡಿಯವರನ್ನು ನಂಬದೆ ವಾಟ್ಸಾಪ್‌ನಲ್ಲಿ ಫೋಟೊ ಹಾಕಿ ನೇರ ಮಾರುತ್ತಾರೆ. ನಾವು ಸುದ್ದಿಗೆಂದು ಹೋದಾಗ ಮಗ್ಗದ ಮನೆಯ ಹಿರಿಯ ಹೆಂಗಸೊಬ್ಬರು ಹೇಳಿದ್ದು ಇಷ್ಟೇ: "ಫೋಟೊದಾಗ ನೋಡಿದ ಕೆಂಪೊಂದು, ಮನಿಗೆ ಬಂದ ಕೆಂಪೊಂದು ಅಂತ ಸೀರಿ ವಾಪಸ್ ಕಳಿಸ್ಯಾರ ತಮ್ಮಾ. ನಾವೇನು ಬ್ಯಾರೆ ಸೀರಿ ಕಳಿಸಿದ್ವೇನು?"

ಕಳಿಸಿದ್ದು ಅದೇ ಸೀರೆ. ಬೇರೆಯಾದದ್ದು ಫೋಟೊ. ಆದರೆ ಗಿರಾಕಿಗೆ ಅದನ್ನು ಹೇಗೆ ಒಪ್ಪಿಸುವುದು? ಬ್ಯಾಡಗಿ ಮೆಣಸಿನಕಾಯಿ ಬೆಳೆದವರಿಗೂ ಇದೇ ಪಾಡು. ಬ್ಯಾಡಗಿಗೆ ಬೆಲೆ ಬರುವುದು ಖಾರಕ್ಕಿಂತ ಹೆಚ್ಚಾಗಿ ಬಣ್ಣಕ್ಕೆ. ಡಬ್ಬಿ ಕಾಯಿಯ ಸುಕ್ಕು, ಅದರ ಕಡುಗೆಂಪು, ಇವು ಕಣ್ಣಿಗೆ ಬೀಳಬೇಕು. ಫೋಟೊದಲ್ಲಿ ಮಾತ್ರ ರಾಶಿಗೆ ರಾಶಿಯೇ ಒಂದು ಕೆಂಪು ಗುಡ್ಡೆ. ಒಳ್ಳೆ ಕಾಯಿ ಯಾವುದು, ಬಣ್ಣ ಹೋದ ಕಾಯಿ ಯಾವುದು ಅಂತ ತಿಳಿಯುವುದೇ ಇಲ್ಲ.

ಕಥೆ ಶುರುವಾಗುವುದು ಬೆಳ್ಳಿಯಿಂದ.

1839ರಲ್ಲಿ ಫ್ರಾನ್ಸಿನ ಡಗೇರ್ ಫೋಟೊ ತೆಗೆಯುವ ವಿದ್ಯೆಯನ್ನು ಜಗತ್ತಿಗೆ ತೋರಿಸಿದ. ಆಗಲೂ, ಆಮೇಲೆ ಬಂದ ಗಾಜಿನ ನೆಗೆಟಿವ್‌ಗಳಲ್ಲೂ, ಬೆಳಕನ್ನು ಹಿಡಿಯುತ್ತಿದ್ದದ್ದು ಬೆಳ್ಳಿಯ ಲವಣಗಳು. ಈ ಲವಣಗಳಿಗೆ ಒಂದು ಹುಟ್ಟುಗುಣ ಇದೆ. ನೀಲಿ, ನೇರಳೆ ಮತ್ತು ನಮ್ಮ ಕಣ್ಣಿಗೆ ಕಾಣದ ಅತಿನೇರಳೆ ಬೆಳಕು ಬಿದ್ದರೆ ಅವು ಬದಲಾಗುತ್ತವೆ. ಕೆಂಪು ಬೆಳಕು ಬಿದ್ದರೆ ಸುಮ್ಮನಿರುತ್ತವೆ. ಬೆಳಕು ಸಣ್ಣ ಸಣ್ಣ ಕಣಗಳಾಗಿ ಬಂದು ಬಡಿಯುತ್ತದೆ ಅಂತ ಇಟ್ಟುಕೊಳ್ಳಿ. ನೀಲಿ ಕಣಕ್ಕೆ ಕಸುವು ಜಾಸ್ತಿ, ಕೆಂಪು ಕಣಕ್ಕೆ ಕಡಿಮೆ. ಬೆಳ್ಳಿ ಲವಣದ ಬಾಗಿಲು ತೆರೆಯುವಷ್ಟು ಬಲ ಕೆಂಪಿಗೆ ಇಲ್ಲ.

ಹಾಗಾಗಿ ಕೆಂಪು ವಸ್ತು ಇದ್ದ ಜಾಗ ನೆಗೆಟಿವ್‌ನಲ್ಲಿ ಖಾಲಿ ಉಳಿಯುತ್ತಿತ್ತು. ಖಾಲಿ ಉಳಿದದ್ದು ಪ್ರಿಂಟಿನಲ್ಲಿ ಕಪ್ಪಾಗುತ್ತಿತ್ತು. ಅಜ್ಜಿಯ ಕುಂಕುಮದ ಗುಟ್ಟು ಇಷ್ಟೇ.

ಈ ಕುರುಡುತನವನ್ನೇ ಸ್ಟುಡಿಯೊದವರು ಉಪಯೋಗಕ್ಕೆ ಹಚ್ಚಿಕೊಂಡಿದ್ದರು. ಹಳೆಯ ಸ್ಟುಡಿಯೊಗಳ ಕತ್ತಲೆ ಕೋಣೆಯಲ್ಲಿ ಕೆಂಪು ಬಲ್ಬ್ ಉರಿಯುತ್ತಿದ್ದದ್ದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಪ್ರಿಂಟ್ ಹಾಕುವ ಕಾಗದಕ್ಕೆ ಕೆಂಪು ಬೆಳಕು ಕಾಣುವುದಿಲ್ಲ, ನಮಗೆ ಕಾಣುತ್ತದೆ. ಆದ್ದರಿಂದ ಕಾಗದ ಕೆಡದಂತೆ ಕೆಲಸ ಮಾಡಬಹುದಿತ್ತು. ಡಬ್ಬಾ ಕ್ಯಾಮೆರಾಗಳ ಬೆನ್ನಿಗೆ ಒಂದು ಸಣ್ಣ ಕೆಂಪು ಕಿಟಕಿ ಇರುತ್ತಿತ್ತಲ್ಲ, ಎಷ್ಟನೇ ಫೋಟೊ ಅಂತ ಅಂಕಿ ನೋಡಲು? ಅದಕ್ಕೂ ಕಾರಣ ಇದೇ. ಆ ಕಿಟಕಿಯಿಂದ ಒಳಗೆ ಹೋಗುವ ಕೆಂಪು ಬೆಳಕು ಆ ಕಾಲದ ರೀಲಿಗೆ ಏನೂ ಮಾಡುತ್ತಿರಲಿಲ್ಲ.

ಇಂಥ ಕಾಲದಲ್ಲಿ ಬಣ್ಣದ ಫೋಟೊ ಮಾಡಲು ಹೊರಟವನು ಸ್ಕಾಟ್ಲೆಂಡಿನ ವಿಜ್ಞಾನಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್. ನಮ್ಮ ಕಣ್ಣು ಕೆಂಪು, ಹಸಿರು, ನೀಲಿ ಈ ಮೂರನ್ನು ಬೆರೆಸಿ ಎಲ್ಲ ಬಣ್ಣವನ್ನೂ ಕಾಣುತ್ತದೆ ಎನ್ನುವುದು ಅವನ ವಾದ. ಹಾಗಿದ್ದರೆ ಮೂರು ಬಣ್ಣದ ಗಾಜಿನ ಮೂಲಕ ಮೂರು ಕಪ್ಪು-ಬಿಳುಪು ಫೋಟೊ ತೆಗೆದು, ಅದೇ ಬಣ್ಣದ ಬೆಳಕಿನಲ್ಲಿ ಒಂದರ ಮೇಲೊಂದು ಪರದೆಗೆ ಬಿಟ್ಟರೆ ಬಣ್ಣದ ಚಿತ್ರ ಬರಬೇಕು. 1861ರ ಮೇ 17ರಂದು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಶನ್‌ನಲ್ಲಿ ಅವನು ಇದನ್ನು ಮಾಡಿ ತೋರಿಸಿದ. ಫೋಟೊ ತೆಗೆದುಕೊಟ್ಟವನು ಥಾಮಸ್ ಸಟನ್. ಚಿತ್ರದಲ್ಲಿದ್ದದ್ದು ಚೌಕಳಿಯ ಒಂದು ಬಣ್ಣದ ರಿಬ್ಬನ್ ಗಂಟು. ರಿಬ್ಬನ್ನಿನ ಕೆಂಪು ಪರದೆಯ ಮೇಲೆ ಬಂತು.

ಇಲ್ಲೊಂದು ತಮಾಷೆ ಇದೆ. ಆ ಗಾಜಿನ ಫಲಕಕ್ಕೆ ಕೆಂಪು ಕಾಣುತ್ತಲೇ ಇರಲಿಲ್ಲ! ಹಾಗಿದ್ದ ಮೇಲೆ ಕೆಂಪು ಬಂದದ್ದು ಹೇಗೆ? ಇದಕ್ಕೆ ಉತ್ತರ ಸಿಗಲು ಸರಿಯಾಗಿ ನೂರು ವರ್ಷ ಹಿಡಿಯಿತು. 1961ರಲ್ಲಿ ಕೊಡ್ಯಾಕ್ ಕಂಪನಿಯ ರಾಲ್ಫ್ ಇವಾನ್ಸ್ ಮತ್ತು ಸಂಗಡಿಗರು ಆ ಪ್ರಯೋಗವನ್ನು ಮತ್ತೆ ಮಾಡಿ ನೋಡಿದರು. ಕೆಂಪು ಬಟ್ಟೆಯ ಬಣ್ಣಗಳಲ್ಲಿ ಹಲವು ಅತಿನೇರಳೆ ಬೆಳಕನ್ನೂ ಹೊರಗೆ ಚಿಮ್ಮಿಸುತ್ತವೆ. ಸಟನ್ ಕ್ಯಾಮೆರಾದ ಮುಂದೆ ಹಿಡಿದ ಕೆಂಪು ದ್ರಾವಣ ಆ ಅತಿನೇರಳೆಯನ್ನು ಒಳಗೆ ಬಿಟ್ಟಿತ್ತು. ಫಲಕ ಹಿಡಿದದ್ದು ಅದನ್ನು. ಅಂದರೆ ಜಗತ್ತು ಕಂಡ ಮೊದಲ ಬಣ್ಣದ ಫೋಟೊದ ಕೆಂಪು ನಿಜವಾದ ಕೆಂಪೇ ಅಲ್ಲ. ಕೆಂಪಿನ ವೇಷ ಹಾಕಿ ಬಂದ ಬೇರೆ ಬೆಳಕು. ಮ್ಯಾಕ್ಸ್‌ವೆಲ್‌ನ ಲೆಕ್ಕ ಸರಿ ಇತ್ತು, ಅವನ ಅದೃಷ್ಟ ಇನ್ನೂ ಸರಿ ಇತ್ತು ಅನ್ನಬೇಕು.

ಬೆಳ್ಳಿಗೆ ಕೆಂಪು ಕಲಿಸುವ ದಾರಿ ಸಿಕ್ಕಿದ್ದು ಬರ್ಲಿನ್ನಿನಲ್ಲಿ. 1873ರಲ್ಲಿ ಅಲ್ಲಿನ ಮೇಷ್ಟ್ರು ಹರ್ಮನ್ ವಿಲ್ಹೆಲ್ಮ್ ಫೋಗಲ್ ಒಂದು ವಿಚಿತ್ರ ಕಂಡ. ಇಂಗ್ಲೆಂಡಿನಿಂದ ತರಿಸಿದ ಕೆಲವು ಫಲಕಗಳು ನೀಲಿಗೆ ಮಾತ್ರವಲ್ಲ, ಹಸಿರಿಗೂ ಸ್ಪಂದಿಸುತ್ತಿದ್ದವು. ಹುಡುಕಿದಾಗ ಫಲಕಕ್ಕೆ ಬೇರೆ ಕಾರಣಕ್ಕೆ ಸೇರಿಸಿದ್ದ ಬಣ್ಣದ ಪುಡಿ ಸಿಕ್ಕಿತು. ಆ ಬಣ್ಣ ಹಸಿರು ಬೆಳಕನ್ನು ಹೀರಿ ಬೆಳ್ಳಿಗೆ ದಾಟಿಸುತ್ತಿತ್ತು. ಯಾವ ಬೆಳಕು ಬೇಕೋ ಅದನ್ನು ಹೀರುವ ಬಣ್ಣ ಹಾಕು, ಫಲಕಕ್ಕೆ ಅದು ಕಾಣುತ್ತದೆ! ಬಟ್ಟೆಗೆ ಬಣ್ಣ ಹಾಕುವವರ ಪಾತ್ರೆಯಿಂದಲೇ ಫೋಟೊದ ಕಣ್ಣು ತೆರೆಯಿತು ಅಂದರೆ ನೇಕಾರರಿಗೆ ಖುಷಿ ಆಗಬಹುದು.

ಹಸಿರು ಬೇಗ ಸಾಧ್ಯವಾಯಿತು. ಕೆಂಪು ಮಾತ್ರ ಸತಾಯಿಸಿತು. ಫೋಗಲ್ ತೀರಿಕೊಂಡ ಮೇಲೆ ಅವನ ಜಾಗಕ್ಕೆ ಬಂದ ಅಡಾಲ್ಫ್ ಮೀಥೆ, ತನ್ನ ಜೊತೆಗಾರ ಆರ್ಥರ್ ಟ್ರೌಬೆ ಜೊತೆಗೂಡಿ 1902ರಲ್ಲಿ ಒಳ್ಳೆಯ ಬಣ್ಣವೊಂದನ್ನು ಕಂಡುಹಿಡಿದ. ಅಲ್ಲಿಂದ ಎಲ್ಲ ಬಣ್ಣಕ್ಕೂ ಸ್ಪಂದಿಸುವ ಫಲಕಗಳು ಬರತೊಡಗಿದವು. ಇಂಗ್ಲೆಂಡಿನ ರ‍್ಯಾಟನ್ ಆ್ಯಂಡ್ ವೇನ್‌ರೈಟ್ ಕಂಪನಿ 1906ರಲ್ಲಿ ಅವನ್ನು ಮಾರಾಟಕ್ಕೆ ಇಟ್ಟಿತು. ಇವುಗಳಿಗೆ ಪ್ಯಾಂಕ್ರೊಮ್ಯಾಟಿಕ್ ಅಂತ ಹೆಸರು. ಕೆಂಪು ಕಾಣದ ಹಳೆಯವಕ್ಕೆ ಆರ್ಥೊಕ್ರೊಮ್ಯಾಟಿಕ್ ಅಂತ.

ಹಾಗಂತ ಹಳೆಯದು ಮರುದಿನವೇ ಹೋಗಲಿಲ್ಲ. ಅಗ್ಗ, ಸುಲಭ, ಕೆಂಪು ದೀಪದಲ್ಲೇ ತೊಳೆಯಬಹುದು ಅಂತ ದಶಕಗಳ ಕಾಲ ಉಳಿಯಿತು. ಸಾಮಾನ್ಯ ಜನ ಕೊಳ್ಳುತ್ತಿದ್ದ ಕೊಡ್ಯಾಕಿನ ವೆರಿಕ್ರೋಮ್ ರೀಲು 1931ರಲ್ಲಿ ಬಂದದ್ದೇ ಆರ್ಥೊ ರೀಲಾಗಿ. ಅದು ಪ್ಯಾಂಕ್ರೊಮ್ಯಾಟಿಕ್ ಆದದ್ದು 1956ರಲ್ಲಿ. ನಿಮ್ಮ ಅಜ್ಜಿಯ ಫೋಟೊದ ಕಾಲವನ್ನು ಕುಂಕುಮ ನೋಡಿ ಅಂದಾಜು ಮಾಡಬಹುದು ಅನ್ನುವುದು ನಮ್ಮ ಒಂದು ಆಟ. ಪಕ್ಕಾ ಲೆಕ್ಕ ಅಲ್ಲ. ಮೂಕಿ ಚಿತ್ರಗಳ ಕಾಲದ ನಟ-ನಟಿಯರು ಮುಖಕ್ಕೆ, ತುಟಿಗೆ ವಿಚಿತ್ರ ಬಣ್ಣ ಬಳಿದುಕೊಳ್ಳುತ್ತಿದ್ದದ್ದೂ ಇದೇ ಕಾರಣಕ್ಕೆ. ಕೆಂಪು ಬಳಿದರೆ ತೆರೆಯ ಮೇಲೆ ತುಟಿ ಕಪ್ಪಾಗುತ್ತಿತ್ತು.

ಬಣ್ಣದ ಫೋಟೊ ಪೇಟೆಗೆ ಬಂದದ್ದು 1907ರಲ್ಲಿ, ಫ್ರಾನ್ಸಿನ ಲೂಮಿಯೇರ್ ಸಹೋದರರಿಂದ. ಸಿನಿಮಾ ತೋರಿಸಿದ ಅದೇ ಅಣ್ಣ-ತಮ್ಮ. ಅವರ ಆಟೊಕ್ರೋಮ್ ಫಲಕದ ಒಳಗೆ ಇದ್ದದ್ದು ಏನು ಗೊತ್ತೆ? ಆಲೂಗಡ್ಡೆ. ಆಲೂಗಡ್ಡೆಯ ಗಂಜಿಹಿಟ್ಟಿನ ಕಣಗಳಿಗೆ ಕಿತ್ತಳೆಗೆಂಪು, ಹಸಿರು, ನೀಲಿನೇರಳೆ ಬಣ್ಣ ಹಾಕಿ, ಮೂರನ್ನೂ ಬೆರೆಸಿ, ಗಾಜಿನ ಮೇಲೆ ಒಂದೇ ಪದರವಾಗಿ ಹರಡುತ್ತಿದ್ದರು. ಅದರ ಮೇಲೆ ಪ್ಯಾಂಕ್ರೊಮ್ಯಾಟಿಕ್ ಬೆಳ್ಳಿ ಲೇಪ. ಪ್ರತಿ ಕಣವೂ ಒಂದು ಸಣ್ಣ ಬಣ್ಣದ ಕಿಟಕಿ. ಈ ಆಲೂಗಡ್ಡೆಯನ್ನು ನೆನಪಿಟ್ಟುಕೊಳ್ಳಿ, ನಿಮ್ಮ ಕೈಯಲ್ಲಿರುವ ಫೋನಿಗೆ ಬಂದಾಗ ಇದು ಮತ್ತೆ ಸಿಗುತ್ತದೆ.

1935ರಲ್ಲಿ ಕೊಡ್ಯಾಕ್ ಕಂಪನಿ ಕೊಡಾಕ್ರೋಮ್ ತಂದಿತು. ಮೊದಲು ಸಿನಿಮಾ ರೀಲು, ಮರುವರ್ಷ ಸ್ಥಿರಚಿತ್ರಕ್ಕೆ. ಕಂಡುಹಿಡಿದವರು ಲಿಯೊಪಾಲ್ಡ್ ಮ್ಯಾನ್ನೆಸ್ ಮತ್ತು ಲಿಯೊಪಾಲ್ಡ್ ಗೊಡಾವ್‌ಸ್ಕಿ, ಇಬ್ಬರೂ ಸಂಗೀತಗಾರರು. ಕೊಡಾಕ್ರೋಮಿನ ಕೆಂಪು ಅಂದರೆ ಕೆಂಪು. ಮೊದಲ ಸಲ ಫೋಟೊದಲ್ಲಿ ಕೆಂಪು ಎದ್ದು ಬಂದು ಮಾತಾಡಿಸುವಂತೆ ಇತ್ತು.

ನಮ್ಮ ಪ್ರಕಾರ ಕಥೆ ತಿರುಗುವುದು ಇಲ್ಲೇ. ಅಲ್ಲಿಯವರೆಗೆ ಕ್ಯಾಮೆರಾಕ್ಕೆ ಕೆಂಪು ಕಾಣಿಸುವುದೇ ಹೋರಾಟವಾಗಿತ್ತು. ಈಗ ಕೆಂಪು ಮಾರಾಟದ ಸರಕಾಯಿತು. ಅಮೆರಿಕದ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯ ಫೋಟೊಗ್ರಾಫರುಗಳು 1950ರ ದಶಕದಲ್ಲಿ ಎಲ್ಲಿ ಹೋದರೂ ಚಿತ್ರದಲ್ಲಿ ಒಂದು ಕೆಂಪು ಅಂಗಿ, ಕೆಂಪು ಟೋಪಿ, ಕೆಂಪು ಶಾಲು ಇರುವಂತೆ ನೋಡಿಕೊಳ್ಳುತ್ತಿದ್ದರು. ಇಲ್ಲದಿದ್ದರೆ ತೊಡಿಸುತ್ತಿದ್ದರು. ಕೊಡಾಕ್ರೋಮಿನಲ್ಲಿ ಕೆಂಪು ಚೆನ್ನಾಗಿ ಬರುತ್ತದೆ, ಅಚ್ಚಿನಲ್ಲಿ ಪುಟ ಎದ್ದು ಕಾಣುತ್ತದೆ ಅಂತ. ಆ ಕಸುಬಿನವರೇ ಇದನ್ನು ಕೆಂಪಂಗಿ ಶಾಲೆ ಅಂತ ಗೇಲಿ ಮಾಡುತ್ತಿದ್ದರು. ಸುದ್ದಿಯ ಫೋಟೊಕ್ಕೆ ಬಣ್ಣ ತೊಡಿಸುವುದು ನಮಗೆ ಒಪ್ಪುವುದಿಲ್ಲ. ಆದರೆ ಇವತ್ತು ಮೊಬೈಲಿನಲ್ಲಿ ಸ್ಯಾಚುರೇಶನ್ ಕಡ್ಡಿಯನ್ನು ಬಲಕ್ಕೆ ತಳ್ಳುವ ನಮ್ಮೆಲ್ಲರ ಬೆರಳಿಗೂ ಆ ಕೆಂಪಂಗಿಗೂ ನೆಂಟಸ್ತಿಕೆ ಇದೆ.

ನಮ್ಮ ದೇಶಕ್ಕೆ ಬಂದರೆ, ಬಣ್ಣದ ರೀಲು ಕೈಗೆ ಎಟುಕದ ಕಾಲದಲ್ಲಿ ಸ್ಟುಡಿಯೊದವರು ಕಪ್ಪು-ಬಿಳುಪು ಪ್ರಿಂಟಿನ ಮೇಲೆ ಕುಂಚದಿಂದ ಬಣ್ಣ ಹಚ್ಚುತ್ತಿದ್ದರು. ತುಟಿಗೆ ಚೂರು, ಕೆನ್ನೆಗೆ ಚೂರು, ಹಣೆಗೆ ಒಂದು ಚುಕ್ಕೆ. ಕನ್ನಡದ ಮೊದಲ ಪೂರ್ಣ ವರ್ಣಚಿತ್ರ ಅಮರಶಿಲ್ಪಿ ಜಕಣಾಚಾರಿ ಬಂದದ್ದು 1964ರಲ್ಲಿ. ಕೊಡಾಕ್ರೋಮಿನಲ್ಲಿ ಭಾರತವನ್ನು ಹಿಡಿದವರಲ್ಲಿ ದೊಡ್ಡ ಹೆಸರು ರಘುವೀರ್ ಸಿಂಗ್. ಭಾರತವನ್ನು ಬಣ್ಣದಲ್ಲೇ ನೋಡಬೇಕು ಎನ್ನುವುದು ಅವರ ಹಟ. ಅವರ ಚಿತ್ರಗಳಲ್ಲಿ ಕೆಂಪು ಇದೆ, ಕೆಂಪಿನ ಒಳಗೆ ನೆರಳೂ ಇದೆ. ಈ ಎರಡನೆಯದೇ ಮುಖ್ಯ, ಮುಂದೆ ಹೇಳುತ್ತೇವೆ.

ಕೊಡಾಕ್ರೋಮ್ ನಿಲ್ಲಿಸುವುದಾಗಿ ಕಂಪನಿ ಹೇಳಿದ್ದು 2009ರಲ್ಲಿ. ಅಷ್ಟು ಹೊತ್ತಿಗೆ ರೀಲಿನ ಕಾಲವೇ ಮುಗಿಯುತ್ತ ಬಂದಿತ್ತು. ಮುಗಿಸಿದ್ದು ಅದೇ ಕಂಪನಿಯ ಒಳಗೆ ಹುಟ್ಟಿದ ಎರಡು ಸಂಗತಿ. 1975ರಲ್ಲಿ ಸ್ಟೀವನ್ ಸ್ಯಾಸನ್ ಎಂಬ ಎಂಜಿನಿಯರ್ ಅಲ್ಲಿ ಮೊದಲ ಡಿಜಿಟಲ್ ಕ್ಯಾಮೆರಾ ಕಟ್ಟಿದ. ಕಪ್ಪು-ಬಿಳುಪು ಚಿತ್ರ, ಒಂದನ್ನು ಕ್ಯಾಸೆಟ್ಟಿಗೆ ಬರೆಯಲು 23 ಸೆಕೆಂಡು. ಮರುವರ್ಷ, 1976ರಲ್ಲಿ, ಅಲ್ಲೇ ಕೆಲಸದಲ್ಲಿದ್ದ ಬ್ರೈಸ್ ಬೇಯರ್‌ಗೆ ಒಂದು ಪೇಟೆಂಟ್ ಸಿಕ್ಕಿತು.

ಬೇಯರ್ ಮಾಡಿದ್ದು ಆಲೂಗಡ್ಡೆಯ ಕೆಲಸವನ್ನೇ, ಆದರೆ ಸಾಲುಹಿಡಿದು. ಸೆನ್ಸರಿನ ಪ್ರತಿ ಸಣ್ಣ ಮನೆಯ ಮೇಲೂ ಒಂದು ಬಣ್ಣದ ಗಾಜು. ನಾಲ್ಕು ಮನೆ ತೆಗೆದುಕೊಂಡರೆ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಹಸಿರಿಗೆ ಯಾಕೆ ಎರಡು ಪಾಲು? ಸಣ್ಣ ಸಣ್ಣ ವಿವರ ಗುರುತಿಸುವಾಗ ನಮ್ಮ ಕಣ್ಣು ಹೆಚ್ಚು ನೆಚ್ಚುವುದು ಹಸಿರಿನ ಆಸುಪಾಸಿನ ಬೆಳಕನ್ನು. ಲೆಕ್ಕ ನ್ಯಾಯವಾದದ್ದೇ. ಆದರೆ ಕೆಂಪಿಗೆ ಬಂದ ಪಾಲು ನಾಲ್ಕರಲ್ಲಿ ಒಂದು. 12 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಕೆಂಪನ್ನು ನಿಜವಾಗಿ ನೋಡುವ ಮನೆಗಳು ಸುಮಾರು 30 ಲಕ್ಷ. ಉಳಿದ 90 ಲಕ್ಷ ಜಾಗದ ಕೆಂಪನ್ನು ಕ್ಯಾಮೆರಾ ಅಕ್ಕಪಕ್ಕ ನೋಡಿ ಅಂದಾಜಿನಲ್ಲಿ ತುಂಬುತ್ತದೆ. ಬೂದು ಗೋಡೆಯ ಫೋಟೊದಲ್ಲಿ ಇದು ಗೊತ್ತಾಗುವುದಿಲ್ಲ, ಮೂರೂ ಬಣ್ಣದ ಮನೆಗಳಿಗೆ ಕೆಲಸ ಇರುತ್ತದೆ. ಕಡುಗೆಂಪು ರೇಷ್ಮೆಯ ಮುಂದೆ ಹಸಿರು, ನೀಲಿ ಮನೆಗಳು ಕತ್ತಲಲ್ಲಿ ಕೂತಿರುತ್ತವೆ. ದುಡಿಯುವುದು ನಾಲ್ಕರಲ್ಲಿ ಒಬ್ಬನೇ.

ಇನ್ನೊಂದು ವಿಚಿತ್ರ. ಬೆಳ್ಳಿಗೆ ಕೆಂಪು ಕಾಣುತ್ತಿರಲಿಲ್ಲ ಅಂದೆವಲ್ಲ, ಸೆನ್ಸರಿನ ಸಿಲಿಕಾನ್‌ಗೆ ಕೆಂಪು ಮಾತ್ರವಲ್ಲ, ಅದರ ಆಚೆಯ ಅವಗೆಂಪೂ ಕಾಣುತ್ತದೆ. ಟಿವಿ ರಿಮೋಟಿನ ತುದಿಯನ್ನು ಮೊಬೈಲಿನ ಮುಂದಿನ ಕ್ಯಾಮೆರಾಕ್ಕೆ ಹಿಡಿದು ಬಟನ್ ಒತ್ತಿ. ಹೆಚ್ಚಿನ ಫೋನುಗಳಲ್ಲಿ ನೇರಳೆ ಬೆಳಕು ಮಿನುಗುತ್ತದೆ. ಬರಿಗಣ್ಣಿಗೆ ಏನೂ ಇಲ್ಲ. ಈ ಅವಗೆಂಪನ್ನು ತಡೆಯಲು ಸೆನ್ಸರಿನ ಮುಂದೆ ಒಂದು ಗಾಜು ಇಡುತ್ತಾರೆ. 2006ರಲ್ಲಿ ಬಂದ ಲೈಕಾ ಎಂ8 ಎಂಬ ದುಬಾರಿ ಕ್ಯಾಮೆರಾದಲ್ಲಿ ಆ ಗಾಜು ತೆಳ್ಳಗಾಗಿ, ಕೆಲವು ಕರಿ ಬಟ್ಟೆಗಳು ನೇರಳೆಗೆಂಪಾಗಿ ಬಂದವು. ಕಂಪನಿ ಕೊಂಡವರಿಗೆಲ್ಲ ಪುಕ್ಕಟೆ ಫಿಲ್ಟರ್ ಹಂಚಬೇಕಾಯಿತು. ಅಂದರೆ ಎಷ್ಟು ದುಡ್ಡು ಕೊಟ್ಟರೂ ಕೆಂಪಿನ ಅಂಚಿನಲ್ಲಿ ಕ್ಯಾಮೆರಾ ಎಡವುತ್ತದೆ.

ಈಗ ಮುಖ್ಯ ಮಾತಿಗೆ ಬರೋಣ.

ನಮ್ಮ ಹಳ್ಳಿಗಳಲ್ಲಿ ಕಾಳು ಅಳೆಯುವ ಸೇರು ಇದೆಯಲ್ಲ, ಅದನ್ನು ಕಣ್ಣ ಮುಂದೆ ತಂದುಕೊಳ್ಳಿ. ಸಾಮಾನ್ಯ ಡಿಜಿಟಲ್ ಫೋಟೊದ ಪ್ರತಿ ಚುಕ್ಕೆಗೂ ಇಂಥ ಮೂರು ಸೇರು: ಕೆಂಪಿಗೊಂದು, ಹಸಿರಿಗೊಂದು, ನೀಲಿಗೊಂದು. ಖಾಲಿ ಇದ್ದರೆ ಸೊನ್ನೆ, ಬಾಯಿಮಟ್ಟ ತುಂಬಿದರೆ 255. ಅದರ ಮೇಲೆ ಎಷ್ಟು ಸುರಿದರೂ ಕೈಯಿಂದ ಸವರಿ ಹಾಕಿ 255 ಅಂತಲೇ ಬರೆಯುತ್ತಾರೆ. ಸೀರೆಯ ಉಬ್ಬಿದ ನೆರಿಗೆಯ ಮೇಲೆ ಕೆಂಪು 400ರಷ್ಟು ಬಂದಿರಬಹುದು, ಪಕ್ಕದ ತಗ್ಗಿನಲ್ಲಿ 280 ಬಂದಿರಬಹುದು. ಎರಡನ್ನೂ ಸವರಿದ ಮೇಲೆ ಎರಡೂ 255. ಉಬ್ಬೂ ಇಲ್ಲ, ತಗ್ಗೂ ಇಲ್ಲ. ನೆರಿಗೆ ಹೋಯಿತು.

ಆದ್ದರಿಂದ 'ಕೆಂಪು ಜಾಸ್ತಿ ಆಯ್ತು' ಅನ್ನುವ ಮಾತು ಪೂರ್ತಿ ಸರಿಯಲ್ಲ. ಆದದ್ದು ನಷ್ಟ. ಕೆಂಪಿನ ಒಳಗಿದ್ದ ನೆರಳು-ಬೆಳಕು ಸೇರಿನಿಂದ ಚೆಲ್ಲಿ ಹೋಗಿದೆ. ಆಮೇಲೆ ಕಂಪ್ಯೂಟರಿನಲ್ಲಿ ಕೂತು ಕೆಂಪು ಕಡಿಮೆ ಮಾಡಿದರೆ ಮಂಕು ಕೆಂಪಿನ ಪಟ್ಟಿ ಸಿಗುತ್ತದೆ, ನೆರಿಗೆ ಸಿಗುವುದಿಲ್ಲ. ನೆಲಕ್ಕೆ ಚೆಲ್ಲಿದ ಕಾಳು ಸೇರಿಗೆ ತಾನಾಗಿ ಮರಳುವುದಿಲ್ಲ.

ಬಣ್ಣ ಬದಲಾಗುವುದೂ ಇಲ್ಲಿಂದಲೇ. ಕೆಂಪಿನ ಸೇರು ತುಂಬಿ ನಿಂತ ಮೇಲೂ ಹಸಿರು, ನೀಲಿ ಸೇರುಗಳು ತುಂಬುತ್ತಲೇ ಇರುತ್ತವೆ. ಹಸಿರು ಏರಿದರೆ ಕೆಂಪು ಕಿತ್ತಳೆ ಕಡೆ ವಾಲುತ್ತದೆ, ನೀಲಿ ಏರಿದರೆ ಗುಲಾಬಿ ಕಡೆ. ಗಿರಿಕುಂಕುಮ ಸೀರೆ ಫೋಟೊದಲ್ಲಿ ಕಿತ್ತಳೆಯಾಗಿ, ಗಿರಾಕಿಯ ಮನೆಯಲ್ಲಿ ಮತ್ತೆ ಕುಂಕುಮವಾಗುವುದು ಹೀಗೆ. ಮಗ್ಗದ ಮನೆಯ ಅಮ್ಮನಿಗೆ ನಾವು ಹೇಳಿದ್ದೂ ಇದನ್ನೇ. "ಹಂಗಾರ ತಪ್ಪು ಸೀರೀದಲ್ಲ ಅಂದಂಗಾತು" ಅಂದರು. ಅವರಿಗೆ ಬೇಕಿದ್ದದ್ದು ಅಷ್ಟು ಮಾತು.

ಹಾಗಿದ್ದರೆ ಕ್ಯಾಮೆರಾ ಯಾಕೆ ಮೊದಲೇ ಎಚ್ಚರ ವಹಿಸುವುದಿಲ್ಲ? ಅದು ಬೆಳಕು ಅಳೆಯುವ ಲೆಕ್ಕದಲ್ಲೇ ಕೆಂಪಿಗೆ ಮರ್ಯಾದೆ ಕಡಿಮೆ. ಹಳೆಯ ಟಿವಿಯ ಕಾಲದಿಂದ ಬಂದ ಒಂದು ಸೂತ್ರದ ಪ್ರಕಾರ ಒಟ್ಟು ಬೆಳಕು 100 ಅಂದರೆ ಅದರಲ್ಲಿ ಹಸಿರಿನ ಪಾಲು 59, ಕೆಂಪಿನ ಪಾಲು 30, ನೀಲಿಯದು 11. ತುಂಬು ಕೆಂಪು ಸೀರೆ ಎದುರಿಗೆ ಇದ್ದರೆ ಕ್ಯಾಮೆರಾ "ಇಲ್ಲಿ ಕತ್ತಲಿದೆ" ಅಂದುಕೊಳ್ಳುತ್ತದೆ. ಅಂದುಕೊಂಡು ಬೆಳಕು ಏರಿಸುತ್ತದೆ. ಆಗಲೇ ಅಂಚಿಗೆ ಬಂದಿದ್ದ ಕೆಂಪಿನ ಸೇರು ಉಕ್ಕುತ್ತದೆ. ಮದುವೆ ಮನೆಯ ಹಳದಿ ಬಲ್ಬು, ದೀಪದ ಬೆಳಕು, ಸಂಜೆ ಬಿಸಿಲು ಇದ್ದರೆ ಕೇಳುವುದೇ ಬೇಡ, ಆ ಬೆಳಕಿನಲ್ಲೇ ಕೆಂಪು ತುಂಬಿರುತ್ತದೆ. ದೊಡ್ಡ ಕ್ಯಾಮೆರಾ ಇರುವವರು ಹಿಸ್ಟೊಗ್ರಾಮ್ ನೋಡುತ್ತಾರಲ್ಲ, ಅದರಲ್ಲೂ ಒಂದೇ ಬಿಳಿ ಗುಡ್ಡ ತೋರಿಸುವ ನಮೂನೆಯನ್ನು ನಂಬಬೇಡಿ. ಅಲ್ಲಿ ಎಲ್ಲ ಸರಿ ಇದ್ದಂತೆ ಕಂಡರೂ ಕೆಂಪು ಒಳಗೊಳಗೇ ಉಕ್ಕಿರಬಹುದು. ಮೂರು ಬಣ್ಣಕ್ಕೆ ಮೂರು ಗುಡ್ಡ ತೋರಿಸುವುದನ್ನು ಹಾಕಿಕೊಳ್ಳಿ.

ಇದರ ಮೇಲೆ 1990ರ ದಶಕದ ಎರಡು ಒಪ್ಪಂದಗಳ ಭಾರ ಬಿತ್ತು. ಒಂದು, 1992ರ ಜೆಪೆಗ್. ಫೋಟೊ ಹಗುರ ಮಾಡಲು ಅದು ಬೆಳಕನ್ನೂ ಬಣ್ಣವನ್ನೂ ಬೇರೆ ಮಾಡುತ್ತದೆ. ಬೆಳಕಿನ ವಿವರ ಉಳಿಸಿಕೊಂಡು, ಬಣ್ಣವನ್ನು ಸಾಮಾನ್ಯವಾಗಿ ನಾಲ್ಕು ಚುಕ್ಕೆಗೆ ಒಂದರಂತೆ ಹಂಚುತ್ತದೆ. ಬಹುತೇಕ ಚಿತ್ರಗಳಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ. ಕರಿ ಚಂದ್ರಕಾಳಿ ಸೀರೆಯ ಮೇಲೆ ಕೆಂಪು ದಾರದ ಕಸೂತಿ ಇದ್ದರೆ ಬೀಳುತ್ತದೆ. ಹೊಲಿಗೆಯ ಅಂಚು ಕದಡಿ, ಕೆಂಪು ಪಕ್ಕಕ್ಕೆ ಸೋರಿದ ಹಾಗೆ ಕಾಣುತ್ತದೆ. ಎರಡು, 1996ರಲ್ಲಿ ಎಚ್‌ಪಿ ಮತ್ತು ಮೈಕ್ರೊಸಾಫ್ಟ್ ಸೇರಿ ಮಾಡಿದ ಎಸ್‌ಆರ್‌ಜಿಬಿ ಎಂಬ ಬಣ್ಣದ ಅಳತೆ. ಆ ಕಾಲದ ದಪ್ಪ ಟಿವಿ ಡಬ್ಬಿಯಂಥ ಮಾನಿಟರುಗಳು ಎಷ್ಟು ಕೆಂಪು ತೋರಿಸಬಲ್ಲವೋ ಅದಕ್ಕೆ ಬೇಲಿ ಹಾಕಿದರು. ಆ ಬೇಲಿಯ ಆಚೆಯ ಕೆಂಪು ಹೂವು, ರೇಷ್ಮೆ ನಿಜ ಜಗತ್ತಿನಲ್ಲಿ ಇವೆ. ಅವೆಲ್ಲ ಬೇಲಿಗೆ ಬಂದು ಒತ್ತರಿಸಿಕೊಂಡು ನಿಲ್ಲುತ್ತವೆ.

ಈಗಿನ ಫೋನುಗಳ ಅಮೋಲೆಡ್ ಪರದೆ ಆ ಬೇಲಿಯನ್ನು ದಾಟಿ ತೋರಿಸುತ್ತದೆ, ಅದೂ ಒಂದು ತಕರಾರೇ. ಸೆಟ್ಟಿಂಗ್‌ನಲ್ಲಿ ವಿವಿಡ್ ಅಂತ ಇದ್ದರೆ ಎಲ್ಲ ಕೆಂಪೂ ಹಬ್ಬದ ಕೆಂಪು. ನೇಕಾರರ ಫೋನಿನಲ್ಲಿ ಒಂದು, ಗಿರಾಕಿಯ ಫೋನಿನಲ್ಲಿ ಇನ್ನೊಂದು. ಪತ್ರಿಕೆಯ ಪುಟಕ್ಕೆ ಹೋದರೆ ಬೇರೆಯದೇ ಕಷ್ಟ. ಅಲ್ಲಿ ಕೆಂಪು ಶಾಯಿ ಅಂತ ಇಲ್ಲ, ಮಜೆಂಟಾ ಮತ್ತು ಹಳದಿ ಒಂದರ ಮೇಲೊಂದು ಬಿದ್ದು ಕೆಂಪಾಗಬೇಕು. ಎರಡೂ ತುಂಬಿ ಬಿದ್ದರೆ ನ್ಯೂಸ್‌ಪ್ರಿಂಟ್ ಹೀರಿಕೊಂಡು ಕಲೆಯಾಗುತ್ತದೆ. ನವೆಂಬರ್ 1ರ ಮರುದಿನದ ಪುಟಗಳಲ್ಲಿ ಬಾವುಟದ ಅರಿಸಿನ ಚೆನ್ನಾಗಿ ಬಂದು, ಕುಂಕುಮ ಮಾತ್ರ ಮಡಿಕೆಯೇ ಇಲ್ಲದ ರಟ್ಟಿನ ಹಾಗೆ ಕಾಣುವುದನ್ನು ಗಮನಿಸಿ.

ಮಾಡುವುದೇನು ಅಂತ ಕೇಳುವವರಿಗೆ, ನಾವು ಮಗ್ಗದ ಮನೆಯಲ್ಲಿ ಮಾಡಿ ತೋರಿಸಿದ್ದನ್ನೇ ಬರೆಯುತ್ತೇವೆ. ಸೀರೆಯನ್ನು ನಡುಮಧ್ಯಾಹ್ನದ ಬಿಸಿಲಿಗೆ ಹರವಬೇಡಿ, ಬಲ್ಬಿನ ಕೆಳಗೂ ಬೇಡ. ಬಾಗಿಲ ಬಳಿ, ಪಡಸಾಲೆಯ ನೆರಳಿನಲ್ಲಿ, ಬೆಳಗಿನ ಹೊತ್ತು ಹಿಡಿಯಿರಿ. ಪಕ್ಕದಲ್ಲಿ ಒಂದು ಬಿಳಿ ಪಂಚೆ ಇಡಿ, ಫೋನಿಗೂ ನೋಡುವವರಿಗೂ ಬಿಳಿ ಯಾವುದು ಅಂತ ಗೊತ್ತಾಗಲಿ. ಫೋನಿನ ಪರದೆಯಲ್ಲಿ ಕೆಂಪಿನ ಮೇಲೆಯೇ ಬೆರಳಿಟ್ಟರೆ ಸೂರ್ಯನ ಗುರುತು ಬರುತ್ತದೆ. ಅದನ್ನು ಕೆಳಗೆ ಎಳೆಯುತ್ತ ಹೋಗಿ. ನೆರಿಗೆ, ನೂಲಿನ ಗೆರೆ ಕಾಣತೊಡಗಿದಾಗ ನಿಲ್ಲಿಸಿ. ಫೋಟೊ ತುಸು ಕಪ್ಪಾಯಿತು ಅನ್ನಿಸಿದರೆ ಅನ್ನಿಸಲಿ, ಕತ್ತಲಲ್ಲಿ ಉಳಿದ ವಿವರವನ್ನು ಆಮೇಲೆ ಮೇಲೆತ್ತಬಹುದು, ಉಕ್ಕಿದ್ದನ್ನು ಆಗುವುದಿಲ್ಲ. ಮೆಣಸಿನಕಾಯಿ ರಾಶಿಗೂ ಇದೇ ಉಪಾಯ ನಡೆಯುತ್ತದೆ, ಮೋಡ ಮುಚ್ಚಿದ ಹೊತ್ತಾದರೆ ಇನ್ನೂ ಒಳ್ಳೆಯದು.

ದೊಡ್ಡ ಕ್ಯಾಮೆರಾ ಇರುವ ಮದುವೆ ಫೋಟೊಗ್ರಾಫರ್ ಅಣ್ಣಂದಿರು ಮುಹೂರ್ತದ ಹೊತ್ತಿಗಾದರೂ ರಾ ಫೈಲಿನಲ್ಲಿ ತೆಗೆಯಲಿ. ಜೆಪೆಗ್‌ನಲ್ಲಿ ಸವರಿ ಹೋದ ಕೆಂಪು ಎಷ್ಟೋ ಸಲ ರಾ ಫೈಲಿನಲ್ಲಿ ಇನ್ನೂ ಉಳಿದಿರುತ್ತದೆ. ಯಾಕೆಂದರೆ ಉಕ್ಕುವುದು ಹಲವು ಸಲ ಸೆನ್ಸರಿನಲ್ಲಿ ಅಲ್ಲ, ವೈಟ್ ಬ್ಯಾಲೆನ್ಸಿಗೆಂದು ಕೆಂಪನ್ನು ಗುಣಿಸಿ, ಬಣ್ಣ ಏರಿಸಿ, ಜೆಪೆಗ್ ಮಾಡುವ ಹಂತದಲ್ಲಿ.

ಕಳಿಸುವಾಗ ವಾಟ್ಸಾಪ್‌ನಲ್ಲಿ ಫೋಟೊ ಅಂತ ಕಳಿಸದೆ ಡಾಕ್ಯುಮೆಂಟ್ ಅಂತ ಕಳಿಸಿ, ಅದು ಮತ್ತೊಮ್ಮೆ ಹಿಂಡುವುದು ತಪ್ಪುತ್ತದೆ. ಪಿನ್ ಹಾಕುವ ಗುಂಡಿ ಒತ್ತಿದರೆ ಆ ಆಯ್ಕೆ ಸಿಗುತ್ತದೆ. ಜೊತೆಗೆ ಗಿರಾಕಿಗೆ ಒಂದು ಸಾಲು ಬರೆಯಿರಿ: ನಿಮ್ಮ ಫೋನಿನ ಡಿಸ್‌ಪ್ಲೇ ವಿವಿಡ್‌ನಲ್ಲಿದ್ದರೆ ನ್ಯಾಚುರಲ್‌ಗೆ ಹಾಕಿ ನೋಡಿ. ಆ ಅಮ್ಮನ ಮಗಳು ಈಗ ಈ ಸಾಲನ್ನು ಕಾಪಿ ಮಾಡಿ ಇಟ್ಟುಕೊಂಡು, ಪ್ರತಿ ಸೀರೆಯ ಕೆಳಗೂ ಅಂಟಿಸುತ್ತಾಳೆ.